ಕಯಾಕಿಗೆ ಮೊದಲ ತೂತು

ಗ್ಯಾರೇಜಿನಲ್ಲಿ ಡ್ರಿಲ್ ಹಿಡಿದುಕೊಂಡು ಹತ್ತು ನಿಮಿಷ ಸುಮ್ನೆ ನಿಂತಿದ್ದೆ. ದೋಣಿಗೆ ತೂತು ಕೊರೆಯುವುದು ಅಂದರೆ ಸಣ್ಣ ಮಾತಾ? ಹುಟ್ಟಿ ಬೆಳೆದದ್ದು ಆನೆಗೊಂದಿ ಕಡೆ, ತುಂಗಭದ್ರೆಯ ದಡದಲ್ಲಿ. ಹರಿಗೋಲಿನೊಳಗೆ ಚೂರು ನೀರು ಜಿನುಗಿದರೂ ಅಂಬಿಗ ಡಾಂಬರು ಕಾಯಿಸಲು ಹೊರಡುವುದನ್ನು ನೋಡಿದವನು ನಾನು. ಈಗ ಅಮೆರಿಕದ ನಾರ್ತ್ ಕೆರೊಲೈನಾದಲ್ಲಿ ಕೂತು, ಮೀನು ಹಿಡಿಯಲು ಸಜ್ಜು ಮಾಡೋಣ ಅಂತ, ನನ್ನದೇ ದುಡ್ಡಿನಲ್ಲಿ ತಂದ 10 ಅಡಿ ಕಯಾಕಿಗೆ, ಅಂದರೆ ಒಬ್ಬನೇ ಕೂತು ಹುಟ್ಟು ಹಾಕುವ ಸಣ್ಣ ದೋಣಿಗೆ, ನಾನೇ ತೂತು ಹಾಕಲು ಹೊರಟಿದ್ದೆ. ಕೊನೆಗೆ ಒತ್ತಿಯೇಬಿಟ್ಟೆ. ಹಸಿರು ಪ್ಲಾಸ್ಟಿಕ್ಕು ಸುರುಳಿ ಸುರುಳಿಯಾಗಿ ಎದ್ದು ಬಂದು ಚಪ್ಪಲಿ ಮೇಲೆ ಬಿತ್ತು.

ಆಮೇಲೆ ಒಳಗೆ ಕೂತು, ಹುಟ್ಟು ಹಾಕಿದ ಹಾಗೆ ಗಾಳಿಯಲ್ಲಿ ಕೈ ಆಡಿಸಿ ನೋಡಿದರೆ, ಗಾಳದ ಕೋಲು ನಿಲ್ಲಿಸಲು ಕೊರೆದ ಜಾಗಕ್ಕೆ ಸರಿಯಾಗಿ ನನ್ನ ಮೊಣಕೈ ಬಂದು ತಗಲುತ್ತಿದೆ! ಮೊದಲು ಕೂತು ನೋಡಿ ಆಮೇಲೆ ಕೊರೆಯಬೇಕಿತ್ತು. ಆ ತೂತು ಈಗಲೂ ಇದೆ, ರಬ್ಬರಿನ ಬಿರಡೆ ಹಾಕಿಕೊಂಡು.

ಮೀನು ಹಿಡಿಯಲು ಬೇಕಾದ್ದೆಲ್ಲ ಜೋಡಿಸಿಕೊಂಡೇ ಬರುವ ಕಯಾಕುಗಳು ಸಿಗುತ್ತವೆ. ಬೆಲೆ ಸಾವಿರ ಡಾಲರ್ ಸುಲಭವಾಗಿ ದಾಟುತ್ತದೆ. ನಾನು ತಂದದ್ದು ಬಡಪಾಯಿ ಮಾದರಿ. ಒಂದು ಸೀಟು, ಎರಡು ರಬ್ಬರ್ ಹಗ್ಗ, ಅಷ್ಟೇ. ವಿಡಿಯೊ ಕಾಲಿನಲ್ಲಿ ತೋರಿಸಿದಾಗ ಅಪ್ಪನ ಕಣ್ಣಿಗೆ ಮೊದಲು ಬಿದ್ದದ್ದು ತಳದ ಆರು ತೂತುಗಳು. "ಏನಲೇ, ತೂತು ಬಿದ್ದಿದ್ದು ತಗೊಂಡಿಯಲ್ಲೋ!" ಅಂದರು. ಅವು ಕಂಪನಿಯವರೇ ಇಟ್ಟ ತೂತುಗಳಪ್ಪಾ, ಇದು ಟೊಳ್ಳು ದೋಣಿ, ನಾವು ಕೂರುವ ಜಾಗ ನೀರಿನ ಮಟ್ಟಕ್ಕಿಂತ ಮೇಲಿರುತ್ತೆ, ಒಳಗೆ ಚಿಮ್ಮಿದ ನೀರು ತಾನೇ ಕೆಳಗೆ ಇಳಿದು ಹೋಗುತ್ತೆ ಅಂತ ವಿವರಿಸಿದೆ. "ಹ್ಞೂಂ" ಅಂದರು. ನಂಬಿದ ಹಾಗೆ ಕಾಣಲಿಲ್ಲ.

ಅಂಟು ಹಾಕಬಹುದಲ್ಲ, ಯಾಕೆ ಕೊರೀಬೇಕು ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡು ಮೂರು ಬಗೆಯ ಅಂಟು ತಂದಿದ್ದೆ. ಈ ದೋಣಿ ಪಾಲಿಎಥಿಲೀನಿನದು. ನಮ್ಮ ಮನೆಗಳ ತಾರಸಿ ಮೇಲೆ ಕೂತಿರುವ ಕಪ್ಪು ನೀರಿನ ಟ್ಯಾಂಕಿನ ಅಣ್ಣತಮ್ಮ. ಮಾಡುವ ರೀತಿಯೂ ಅದೇ: ಅಚ್ಚಿನೊಳಗೆ ಪ್ಲಾಸ್ಟಿಕ್ ಪುಡಿ ಹಾಕಿ, ಬಿಸಿ ಮಾಡುತ್ತಾ ತಿರುಗಿಸುತ್ತಾರೆ. ಇದಕ್ಕೆ ಮಾಮೂಲಿ ಅಂಟು ಯಾವುದೂ ಹಿಡಿಯುವುದಿಲ್ಲ. ಒಣಗಿದ ಮೇಲೆ ಉಗುರಿನಲ್ಲಿ ಎಬ್ಬಿಸಿದರೆ ಹಾಲಿನ ಕೆನೆ ಥರ ಪೂರ್ತಿ ಕಿತ್ತು ಬರುತ್ತೆ. ಹಾಗಾಗಿ ವೆಲ್‌ನಟ್ಟೇ ಗತಿ. ರಬ್ಬರಿನ ಒಂದು ಸಣ್ಣ ಕೊಳವೆ, ಅದರ ತುದಿಯಲ್ಲಿ ಹಿತ್ತಾಳೆ ನಟ್ಟು. ತೂತಿಗೆ ತುರುಕಿ ಬೋಲ್ಟು ತಿರುಗಿಸಿದರೆ ಕೈ ಹೋಗದ ಆ ಕಡೆ ರಬ್ಬರು ಉಬ್ಬಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತೆ, ನೀರೂ ಒಳಗೆ ಬರುವುದಿಲ್ಲ. ಇದನ್ನು ಕಂಡುಹಿಡಿದವನಿಗೆ ಒಂದು ನಮಸ್ಕಾರ.

ಹಿಂದೆ ಕಟ್ಟಿರುವುದು ಹಾಲಿನ ಕ್ರೇಟು. ಅದಕ್ಕೆ ಒಂದೂವರೆ ಇಂಚಿನ ಪಿವಿಸಿ ಪೈಪಿನ ಮೂರು ತುಂಡು ಬಿಗಿದರೆ ಕೋಲು ನಿಲ್ಲಿಸುವ ಗೂಡು ರೆಡಿ. ಮಕ್ಕಳು ಈಜುಕೊಳದಲ್ಲಿ ಹಿಡಿದು ಆಡುವ ಫೋಮ್ ಕೊಳವೆಯನ್ನು ಕತ್ತರಿಸಿ ಕೋಲುಗಳಿಗೂ ಸುತ್ತಿದ್ದೇನೆ, ಬಿದ್ದರೆ ತೇಲಲಿ ಅಂತ.

ಲಂಗರಿನ ಪಾಠ ಮಾತ್ರ ಜೋರ್ಡನ್ ಲೇಕಿನಲ್ಲೇ ಆಯಿತು. ಒಂದೂವರೆ ಕಿಲೋ ಲಂಗರನ್ನು ಕೈಗೆ ಸಿಗುತ್ತೆ ಅಂತ ಸೀಟಿನ ಪಕ್ಕಕ್ಕೇ ಕಟ್ಟಿದ್ದೆ. ಗಾಳಿ ಎದ್ದಿತು. ದೋಣಿ ಅಡ್ಡ ತಿರುಗಿ, ಹಗ್ಗ ಎಳೆದ ಕಡೆಗೆ ವಾಲಿ, ಚಿತ್ರಾನ್ನದ ಡಬ್ಬಿ ಜಾರಿ ನೀರಿಗೆ ಬಿತ್ತು. ನಾನು ಬೀಳದೆ ಉಳಿದದ್ದೇ ಹೆಚ್ಚು. ಈಗ ಮುಂದೊಂದು ಹಿಂದೊಂದು ರಾಟೆ ಹಾಕಿ, ಉದ್ದಕ್ಕೂ ಹಗ್ಗದ ಮಾಲೆ ಕಟ್ಟಿ, ಲಂಗರಿನ ಹಗ್ಗ ಹಾಯುವ ಒಂದು ಬಳೆಯನ್ನು ಅದಕ್ಕೆ ಸಿಕ್ಕಿಸಿದ್ದೇನೆ. ಬಾವಿಯ ಹಗ್ಗ ಎಳೆದ ಹಾಗೆ ಎಳೆದರೆ ಆ ಬಳೆ ದೋಣಿಯ ಮೂತಿಗೋ ಬಾಲಕ್ಕೋ ಹೋಗುತ್ತೆ. ಗಾಳಿ ಬಂದರೆ ಬರಲಿ.

ಕಯಾಕ್ ಅನ್ನುವ ಮಾತು ಬಂದಿರುವುದು ಆರ್ಕ್ಟಿಕ್‌ನ ಇನುಯಿಟ್ ಜನರಿಂದ. ಕಟ್ಟಿಗೆಯ ಚೌಕಟ್ಟಿಗೆ ಸೀಲ್ ಚರ್ಮ ಹೊದಿಸುತ್ತಿದ್ದರು, ಚರ್ಮ ಹೊಲಿಯುವ ಕೆಲಸ ಹೆಂಗಸರದು. ಅಳತೆಗೆ ಟೇಪ್ ಎಲ್ಲಿಂದ ಬರಬೇಕು? ಉದ್ದಕ್ಕೆ ಎರಡೂ ತೋಳು ಅಗಲಕ್ಕೆ ಚಾಚಿದ ಅಳತೆಯ ಮೂರರಷ್ಟು, ಅಗಲಕ್ಕೆ ಸೊಂಟ ಮತ್ತು ಎರಡು ಮುಷ್ಟಿ. ಅಂದರೆ ಒಬ್ಬನ ದೋಣಿ ಒಬ್ಬನಿಗೇ, ದರ್ಜಿ ಹೊಲಿದ ಅಂಗಿಯ ಹಾಗೆ. ನನ್ನದು ರೆಡಿಮೇಡ್. ಸೊಂಟದ ಹತ್ತಿರ ಬಿಗಿ, ಕಾಲಿಗೆ ಉದ್ದ. ಆಲ್ಟ್ರೇಷನ್ ಮಾಡಿಸದೆ ರೆಡಿಮೇಡ್ ಪ್ಯಾಂಟು ಹಾಕೋಕಾಗುತ್ತಾ?

ಹೆಂಡತಿ ಮೊದಮೊದಲು "ಎಷ್ಟು ಮೀನು ಸಿಕ್ತು?" ಅಂತ ಕೇಳುತ್ತಿದ್ದಳು. ಈಗ "ಇವತ್ತು ಎಷ್ಟು ತೂತ್ರೀ?" ಅನ್ನುತ್ತಾಳೆ. ಬ್ಯಾಟರಿ ಮೋಟರ್ ಕೂರಿಸುವ ಆಸೆಯೂ ಬಂದಿತ್ತು. ಮೋಟರ್ ಬಂದರೆ ಈ ರಾಜ್ಯದಲ್ಲಿ ದೋಣಿಯನ್ನು ನೋಂದಾಯಿಸಿ ನಂಬರ್ ಅಂಟಿಸಬೇಕು. ಅಂಟು ಅಂದ ಕೂಡಲೇ ಆಸೆ ಇಳಿಯಿತು.

ಕೊಂಡಾಗ 22 ಕಿಲೋ ಇದ್ದದ್ದು ಈಗ ಕಾರಿನ ಮೇಲೆ ಎತ್ತಲು ಒಬ್ಬನಿಂದ ಆಗುತ್ತಿಲ್ಲ. ಕಾರಿನಿಂದ ಇಳಿಸಿದ ಮೇಲೆ ನೀರಿನವರೆಗೆ ಎಳೆಯುವುದು ಇನ್ನೊಂದು ಕಷ್ಟ. ಹಳೇ ಹುಲ್ಲು ಕತ್ತರಿಸುವ ಯಂತ್ರದ ಎರಡು ಚಕ್ರ ಮೂಲೆಯಲ್ಲಿವೆ, ಪಿವಿಸಿ ಪೈಪೂ ಉಳಿದಿದೆ. ಶನಿವಾರ ಗಾಡಿ ಕೆಲಸ ಶುರು.