ಯಾರು ಕೊಟ್ಟರು, ಏಕೆ ಬೇಕಾಯಿತು

ಪೋರ್ಚುಗಲ್ ದೇಶದ ಲಿಸ್ಬನ್ನಿನಲ್ಲಿ ನಾನು ವಾಸವಾಗಿರುವ ಕಟ್ಟಡದ ಮೆಟ್ಟಿಲಲ್ಲಿ ಎದುರಾದ ಪಕ್ಕದ ಮನೆಯ ತಾಯಿಯೊಬ್ಬರು, ತಮ್ಮ ಹತ್ತೊಂಬತ್ತರ ಮಗ ಗಾಂಜಾ ಇಟ್ಟುಕೊಂಡು ಪೊಲೀಸರಿಗೆ ಸಿಕ್ಕಿದನೆಂದೂ, ಅದಕ್ಕಾಗಿ ನ್ಯಾಯಾಲಯದ ಬದಲು ಇಂಥವರನ್ನು ವಿಚಾರಿಸುವ ಆಯೋಗದ ಮುಂದೆ ಹಾಜರಾಗಬೇಕಿದೆಯೆಂದೂ, ಅವನ ಪರೀಕ್ಷೆಯ ಸುದ್ದಿ ಹೇಳುವಷ್ಟೇ ಸಹಜವಾಗಿ ಹೇಳಿದರು. ಅವರು ದನಿ ತಗ್ಗಿಸಲಿಲ್ಲ. ಯಾರಾದರೂ ಕೇಳಿಸಿಕೊಂಡಾರೆಂದು ಹಿಂತಿರುಗಿ ನೋಡಿದವನು ನಾನು.

ಆ ಅಳುಕು ನನ್ನೊಳಗೆ ಸೇರಿಕೊಂಡದ್ದು ಕೆಲವು ವರ್ಷಗಳ ಹಿಂದೆ. ಊರಿನಲ್ಲಿ ದೊಡ್ಡಮ್ಮನ ಮೊಮ್ಮಗ ಇದೇ ವಯಸ್ಸಿನಲ್ಲಿ, ಅಂಗೈಯಲ್ಲಿ ಮುಚ್ಚಿಡಬಹುದಾದಂಥ ಪೊಟ್ಟಣವೊಂದರೊಂದಿಗೆ ಸಿಕ್ಕಿಬಿದ್ದಿದ್ದ. ಠಾಣೆಯಲ್ಲಿ ರಾತ್ರಿಯಿಡೀ ಅವನನ್ನು ಕೇಳಿದ್ದು ಒಂದೇ ಪ್ರಶ್ನೆ: ಯಾರು ಕೊಟ್ಟರು? ಮೂತ್ರ ಪರೀಕ್ಷೆಯಾಯಿತು, ಎಫ್‌ಐಆರ್ ಆಯಿತು, ಮನೆಯವರು ವಕೀಲರನ್ನು ಹುಡುಕಿದರು. ದೊಡ್ಡಮ್ಮ ನನಗೆ ಫೋನಿನಲ್ಲಿ, "ಯಾರಿಗೂ ಹೇಳಬೇಡಪ್ಪ, ಅವನಿಗೆ ಜ್ವರ ಅಂತ ಹೇಳಿದ್ದೇವೆ" ಎಂದರು. ಎರಡು ವರ್ಷಗಳಿಂದ ಆ ಹುಡುಗನಿಗೆ ರಾತ್ರಿ ನಿದ್ದೆಯೇ ಬರುತ್ತಿರಲಿಲ್ಲವೆಂಬ ಸಂಗತಿ ಮನೆಯವರಿಗೆ ಗೊತ್ತಾದದ್ದು ಬಹಳ ತಡವಾಗಿ, ಅದೂ ಒಬ್ಬ ವೈದ್ಯರ ಬಾಯಿಂದ.

ನಮ್ಮ ದೇಶದ ಮಾದಕವಸ್ತು ನಿಯಂತ್ರಣ ಕಾನೂನಾದ 1985ರ ಎನ್‌ಡಿಪಿಎಸ್ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಸೇವನೆಯೇ ಅಪರಾಧ. ಹೆರಾಯಿನ್, ಕೊಕೇನ್‌ಗಳಿಗಾದರೆ ಒಂದು ವರ್ಷದವರೆಗೆ, ಗಾಂಜಾಕ್ಕಾದರೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ದಂಡ, ಇಲ್ಲವೇ ಎರಡೂ. ಅದೇ ಕಾಯ್ದೆಯ 64ಎ ಸೆಕ್ಷನ್ನಿನಲ್ಲಿ, ತಾನಾಗಿ ಚಿಕಿತ್ಸೆಗೆ ಮುಂದಾಗುವ ವ್ಯಸನಿಯನ್ನು ಶಿಕ್ಷೆಯ ಪ್ರಕ್ರಿಯೆಯಿಂದ ಹೊರಗಿಡುವ ಅವಕಾಶವೂ ಇದೆ. ಆದರೆ ಆ ಬಾಗಿಲು ತೆರೆಯುವುದು ಆರೋಪ ಹೊತ್ತವನಿಗೆ, ಅಂದರೆ ಊರಿಗೆಲ್ಲ ವಿಷಯ ಗೊತ್ತಾಗಿಹೋದ ಮೇಲೆ. ಅದಕ್ಕೂ ಮೊದಲು, ಮನೆಯವರು ಇನ್ನೂ ಮಾತಾಡಬಹುದಾಗಿದ್ದ ದಿನಗಳಲ್ಲಿ, ಪೊಲೀಸರ ಭಯವೇ ಎಲ್ಲರ ಬಾಯಿ ಕಟ್ಟಿರುತ್ತದೆ.

ಪೋರ್ಚುಗಲ್ 2001ರ ಜುಲೈ 1ರಿಂದ ಇದನ್ನು ಬೇರೆ ರೀತಿಯಲ್ಲಿ ನಡೆಸಿಕೊಂಡು ಬಂದಿದೆ. ಸುಮಾರು ಒಂದು ಕೋಟಿ ಜನರ ಈ ದೇಶದಲ್ಲಿ ತೊಂಬತ್ತರ ದಶಕದಲ್ಲಿ ನೂರಕ್ಕೆ ಒಬ್ಬರು ಹೆರಾಯಿನ್‌ಗೆ ಸಿಲುಕಿದ್ದರೆಂದು ಅಂದಾಜು. ಚಟ ಹತ್ತದ ಮನೆತನವೇ ಇಲ್ಲವೆನ್ನುವ ಸ್ಥಿತಿ ಬಂದಾಗ ಕಾನೂನು ಬದಲಾಯಿತು. ಹತ್ತು ದಿನಗಳ ಸ್ವಂತ ಬಳಕೆಗೆ ಸಾಕಾಗುವಷ್ಟು, ಅಂದರೆ ಗಾಂಜಾ 25 ಗ್ರಾಂ, ಹೆರಾಯಿನ್ 1 ಗ್ರಾಂ ಮೀರದಷ್ಟು ವಸ್ತು ಸಿಕ್ಕರೆ ಅದು ಅಪರಾಧವಲ್ಲ, ಆಡಳಿತಾತ್ಮಕ ತಪ್ಪು ಮಾತ್ರ. ಇದನ್ನು ಕೇಳಿದವರು ಇಲ್ಲಿ ಎಲ್ಲವೂ ಕಾನೂನುಬದ್ಧವೆಂದು ತಿಳಿಯುತ್ತಾರೆ; ಅದು ಸರಿಯಲ್ಲ. ಪೊಟ್ಟಣವನ್ನು ಪೊಲೀಸರು ವಶಪಡಿಸಿಕೊಳ್ಳುತ್ತಾರೆ, ಮಾರುವವನಿಗೆ ಜೈಲು ಇಂದಿಗೂ ತಪ್ಪಿದ್ದಲ್ಲ.

ಆಯೋಗವೆಂದರೂ ಪಕ್ಕದ ಮನೆಯ ಹುಡುಗ ಹೋದದ್ದು ಒಂದು ಸಾಧಾರಣ ಕಚೇರಿಗೆ. ಮೇಜಿನ ಆಚೆ ಕಾನೂನು ಬಲ್ಲವರೊಬ್ಬರು, ಮನಶ್ಶಾಸ್ತ್ರಜ್ಞರೊಬ್ಬರು, ಸಮಾಜ ಕಾರ್ಯಕರ್ತರೊಬ್ಬರು ಇದ್ದರಂತೆ, ಸಮವಸ್ತ್ರವಿಲ್ಲ, ಕಟಕಟೆಯಿಲ್ಲ. ವಾರಕ್ಕೆ ಎಷ್ಟು ಸಲ, ಒಬ್ಬನೇ ಇರುವಾಗಲೋ ಗೆಳೆಯರ ಜೊತೆಗೋ, ನಿದ್ದೆ ಹೇಗಿದೆ, ಮನೆಯಲ್ಲಿ ಯಾರ ಹತ್ತಿರ ಮಾತಾಡುತ್ತೀಯ ಎಂದೆಲ್ಲ ಕೇಳಿದರು. ಮೊದಲ ಸಲವಾದ್ದರಿಂದ ಪ್ರಕರಣವನ್ನು ತಡೆಹಿಡಿದು, ಬೇಕಿದ್ದರೆ ಬಾ ಎಂದು ಆಪ್ತಸಮಾಲೋಚಕರೊಬ್ಬರ ವಿಳಾಸ ಕೊಟ್ಟು ಕಳಿಸಿದರು. "ಅಲ್ಲಿ ಹೇಳಿದ್ದನ್ನು ನನಗೆ ಅವನು ಎಂದೂ ಹೇಳಿರಲಿಲ್ಲ, ಆ ರಾತ್ರಿ ಹೇಳಿದ" ಎಂದು ತಾಯಿ ನನ್ನೆದುರು ಕಣ್ಣೊರೆಸಿಕೊಂಡರು. ದೊಡ್ಡಮ್ಮನ ಮೊಮ್ಮಗನಿಗೆ ಅಂಥದ್ದೊಂದು ಮಧ್ಯಾಹ್ನ ಸಿಕ್ಕಿದ್ದರೆ ಎಂಬ ಸಂಕಟ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಇಲ್ಲಿ ಎಲ್ಲವೂ ಚೆನ್ನಾಗಿದೆಯೆಂದು ಹೇಳಲಾರೆ. ಈಚಿನ ವರ್ಷಗಳಲ್ಲಿ ಪೋರ್ಟೊ, ಲಿಸ್ಬನ್‌ಗಳ ಕೆಲವು ಬೀದಿಗಳಲ್ಲಿ ಹಗಲಿನಲ್ಲೇ ಸೂಜಿ ಚುಚ್ಚಿಕೊಳ್ಳುವವರನ್ನು ಕಂಡು ನಿವಾಸಿಗಳು ಸಿಟ್ಟಾಗಿದ್ದಾರೆ, ಆ ಸಿಟ್ಟು ನ್ಯಾಯವಾದದ್ದೇ. ಅಮೆರಿಕದ ಒರೆಗಾನ್ ರಾಜ್ಯವು 2021ರಲ್ಲಿ ಇಂಥದ್ದೇ ದಾರಿ ಹಿಡಿದು, ಚಿಕಿತ್ಸೆಯ ವ್ಯವಸ್ಥೆ ಸಿದ್ಧವಾಗುವ ಮೊದಲೇ ಶಿಕ್ಷೆಯನ್ನು ತೆಗೆದುಹಾಕಿ, 2024ರ ಸೆಪ್ಟೆಂಬರಿನಲ್ಲಿ ಹಿಂದೆ ಸರಿಯಿತು. ನಮ್ಮಲ್ಲಿ ಸರ್ಕಾರಿ ವ್ಯಸನಮುಕ್ತಿ ಕೇಂದ್ರಗಳು ಎಷ್ಟು ಸಾಲದೆಂಬುದನ್ನು ನೆನೆದರೆ, 27ನೇ ಸೆಕ್ಷನ್ನಿನ ಸೆರೆವಾಸವನ್ನು ನಾಳೆಯೇ ತೆಗೆಯಿರಿ ಎನ್ನಲು ನನಗೂ ಧೈರ್ಯ ಸಾಲದು. ಭಯದಿಂದ ಪ್ರಯೋಜನವೇ ಇಲ್ಲವೆಂದೂ ಹೇಳಲಾಗದು: ಹಾಸ್ಟೆಲಿನಲ್ಲಿ ಕೈಗೆ ಬಂದ ಗಾಂಜಾ ಬೀಡಿಯನ್ನು ನಾನು ಹಿಂದಿರುಗಿಸಿದ್ದು ಪೊಲೀಸರನ್ನೂ ಅಪ್ಪನನ್ನೂ ನೆನೆದೇ. ಆದರೆ ಒಮ್ಮೆ ಆ ಬೀಡಿ ಸೇದಿಬಿಟ್ಟವನಿಗೆ ಅದೇ ಭಯ ಮನೆಯ ಬಾಗಿಲನ್ನೂ ಮುಚ್ಚಿಬಿಡುತ್ತದೆ. ಕೇಂದ್ರಗಳನ್ನು ಮೊದಲು ಕಟ್ಟಲಿ, ಸಮಾಲೋಚಕರನ್ನು ನೇಮಿಸಲಿ, ಅನಂತರವಾದರೂ ಸೇದಿದವನನ್ನು ಠಾಣೆಯಿಂದ ಬಿಡಿಸಲಿ.

ದೊಡ್ಡಮ್ಮನ ಮೊಮ್ಮಗನ ಪ್ರಕರಣ ಇನ್ನೂ ಮುಗಿದಿಲ್ಲ. ವಾಯಿದೆಯ ದಿನ ಅವನು ಈಗಲೂ ಕೆಲಸಕ್ಕೆ ಜ್ವರವೆಂದೇ ರಜೆ ಹಾಕುತ್ತಾನೆ.