ಸೊಂಟ ಹಿಡಿದರೆ ಮಲಗಲೇಬೇಕಾ?

ಹೊಸದಾಗಿ ಸೊಂಟನೋವು ಬಂದರೆ ಎರಡು ವಾರ ಹಾಸಿಗೆ ಬಿಟ್ಟು ಏಳಬೇಡಿ, ಪ್ಯಾರಾಸಿಟಮಾಲ್ ಸಾಕು ಅಂತ ನಿಮ್ಮ ಲೇಖನದಲ್ಲಿದೆ. ಇದು ನನಗೆ ಸರಿ ಅನ್ನಿಸಲಿಲ್ಲ.

ನಮ್ಮದು ಗಂಗಾವತಿ. ಹೋದ ಸುಗ್ಗಿಯಲ್ಲಿ ಭತ್ತದ ಚೀಲ ಎತ್ತಲು ಬಗ್ಗಿದವನು ಹಾಗೇ ನಿಂತುಬಿಟ್ಟೆ. ಚಪ್ಪಲಿ ಮೆಟ್ಟಲೂ ಗೋಡೆ ಹಿಡಿಯಬೇಕಿತ್ತು. ಮೂರು ದಿನ ಮಲಗಿದೆ, ಸೊಂಟ ಹಲಗೆಯಂತಾಯಿತು. ಆಮೇಲೆ ಡಾಕ್ಟರು ಹೇಳಿದ್ದಿಷ್ಟು: ಶಾಖ ಕೊಡಿ, ಆದಷ್ಟು ಓಡಾಡಿ, ಭಾರ ಮಾತ್ರ ಎತ್ತಬೇಡಿ. ಸ್ಕ್ಯಾನಿಂಗ್ ಬೇಡ ಅಂದರು. (ಸ್ಕ್ಯಾನ್ ಬರೆಯದವರು ಡಾಕ್ಟರೇ ಅಲ್ಲ ಅನ್ನೋದು ನಮ್ಮ ಮಾವನ ವಾದ!)

ಅಮೆರಿಕದ ವೈದ್ಯರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಹೇಳಿದ್ದೂ ಹೆಚ್ಚುಕಮ್ಮಿ ಇದೇ. ಮೊದಲು ಶಾಖ, ಮಸಾಜ್. ಮಾತ್ರೆ ಬೇಕೇ ಬೇಕು ಅಂದರೆ ಐಬುಪ್ರೊಫೇನ್ ಥರದ್ದು. ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿ ತೊಂದರೆ ಇದ್ದವರು ಅದನ್ನೂ ಕೇಳದೆ ನುಂಗಬಾರದು. ಪ್ಯಾರಾಸಿಟಮಾಲ್ ವಿಷಯಕ್ಕೆ ಬಂದರೆ, ಆಸ್ಟ್ರೇಲಿಯಾದಲ್ಲಿ 1,600ಕ್ಕೂ ಹೆಚ್ಚು ಜನರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2014ರಲ್ಲಿ ಬಂತು. ಸುಮ್ನೆ ಔಷಧಿಯಿಲ್ಲದ ಮಾತ್ರೆ ನುಂಗಿದವರಿಗಿಂತ ಪ್ಯಾರಾಸಿಟಮಾಲ್ ನುಂಗಿದವರು ಬೇಗ ವಾಸಿಯಾಗಲಿಲ್ಲ.

ಆದರೆ ಮೂತ್ರ ಕಟ್ಟಿದರೆ, ತೊಡೆಸಂದು ಜೋಮು ಹಿಡಿದರೆ, ಕಾಲಲ್ಲಿ ಬಲ ಹೋದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಲೇಖನದಲ್ಲಿ ಇದರ ಸುದ್ದಿಯೇ ಇಲ್ಲ. ದಯವಿಟ್ಟು ಸೇರಿಸ್ತೀರಾ?