ಹೊರರಾಜ್ಯದ ಸೀಟಿಗೆ ಬೇರೆಯದೇ ಲೆಕ್ಕ

ಮೊನ್ನೆ ಗೆಳತಿ ಫೋನ್ ಮಾಡಿದ್ದಳು. ನಮ್ಮ ಹಾಗೇ ನ್ಯೂಜೆರ್ಸಿಯವರು, ಮಗ ಈಗ ಹನ್ನೆರಡನೇ ಕ್ಲಾಸು. "ನಾರ್ತ್ ಕ್ಯಾರೊಲಿನಾದ ಸರ್ಕಾರಿ ವಿವಿ ಚಾಪೆಲ್ ಹಿಲ್‌ನಲ್ಲಿ ನೂರಕ್ಕೆ ಹದಿನೈದು ಇಪ್ಪತ್ತು ಮಕ್ಕಳಿಗೆ ಸೀಟು ಸಿಗುತ್ತಂತೆ ಕಣೇ. ನಮ್ಮವನ ಮಾರ್ಕ್ಸಿಗೆ ಅದು ಟಾರ್ಗೆಟ್ಟೇ ಅಲ್ವಾ?" ಅಂದಳು. ಟಾರ್ಗೆಟ್ ಅಂದರೆ ಸೀಟು ಸಿಗುವ ಸಾಧ್ಯತೆ ಚೆನ್ನಾಗಿರುವ ಕಾಲೇಜು. ಎದೆ ಧಸಕ್ಕೆಂದಿತು. ಮಗಳ ಪಟ್ಟಿ ಮಾಡುವಾಗ ನಾನೂ ಹೀಗೇ ಲೆಕ್ಕ ಹಾಕಿದ್ದೆ.

ಆ ಸಂಖ್ಯೆ ಸ್ಥಳೀಯರನ್ನೂ ಹೊರಗಿನವರನ್ನೂ ಕಲಸಿ ತೆಗೆದ ಸರಾಸರಿ. ಚಾಪೆಲ್ ಹಿಲ್‌ನ ಮೊದಲ ವರ್ಷದ ತರಗತಿಯಲ್ಲಿ ಹೊರರಾಜ್ಯದವರು ನೂರಕ್ಕೆ 18 ದಾಟಬಾರದು ಅಂತ 1986ರಲ್ಲೇ ಮಿತಿ ಹಾಕಿದ್ದರು. ಅರ್ಜಿ ಹಾಕುವವರಲ್ಲಿ ಮಾತ್ರ ಹೊರಗಿನವರೇ ಹೆಚ್ಚು. ಟೆಕ್ಸಾಸ್ ವಿವಿಯ ಆಸ್ಟಿನ್ ಕ್ಯಾಂಪಸ್ಸಿನಲ್ಲಿ ಇನ್ನೂ ಬಿಗಿ: ನೂರರಲ್ಲಿ 90 ಸೀಟು ಟೆಕ್ಸಾಸ್ ಮಕ್ಕಳಿಗೇ. ಮಿಕ್ಕ ಹತ್ತರಲ್ಲಿ ಉಳಿದ 49 ರಾಜ್ಯಗಳು, ಜೊತೆಗೆ ವಿದೇಶದವರು.

ಇದು ಅನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ. ನಮ್ಮ ಸಿಇಟಿಗೂ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು ಎಂಬ ನಿಯಮ ಇದೆಯಲ್ಲ. ತೆರಿಗೆ ಕಟ್ಟಿದ ಊರಿನ ಮಕ್ಕಳಿಗೆ ಮೊದಲ ಪಂಕ್ತಿ. ಆದರೆ ಸಿಇಟಿಯಲ್ಲಿ ರ‍್ಯಾಂಕ್ ಬಂತು, ಕಳೆದ ವರ್ಷದ ಕಟಾಫ್ ನೋಡಿದೆವು, ಎಲ್ಲಿ ಸೀಟು ಸಿಗಬಹುದೆಂದು ಮನೆಯಲ್ಲೇ ಗೊತ್ತಾಗುತ್ತಿತ್ತು. ಆ ಅಭ್ಯಾಸದ ಮೇಲೇ ನಾವು ಇಲ್ಲಿಯೂ ಲೆಕ್ಕ ಹಾಕುತ್ತೇವೆ. ಇಲ್ಲಿ ಕಟಾಫ್ ಅನ್ನುವುದೇ ಇಲ್ಲ.

ಕ್ಯಾಲಿಫೋರ್ನಿಯಾ ವಿವಿಯ ಅರ್ಜಿ ತುಂಬಿದ ರಾತ್ರಿ ಚೆನ್ನಾಗಿ ನೆನಪಿದೆ. ಊಟದ ಮೇಜಿನ ಮೇಲೆ ಮಾರ್ಕ್ಸ್ ಕಾರ್ಡ್ ಹರಡಿಕೊಂಡು ಮಗಳು ಕ್ಯಾಲ್ಕುಲೇಟರ್ ಒತ್ತುತ್ತಿದ್ದಳು. ಒಮ್ಮೆಲೇ ಕೈ ನಿಂತಿತು. "ಅಮ್ಮಾ, ನನ್ನ ಆನರ್ಸ್ ಕೆಮಿಸ್ಟ್ರಿಗೆ ಹೆಚ್ಚಿನ ಪಾಯಿಂಟ್ ಕೊಡಲ್ವಂತೆ." ಹೌದು, ಹೊರರಾಜ್ಯದ ಮಕ್ಕಳಿಗೆ ಎಲ್ಲ ಶಾಲೆಗೂ ಒಂದೇ ಪಠ್ಯವಿರುವ ಎಪಿ, ಐಬಿ ಥರದ ಕೋರ್ಸುಗಳಿಗಷ್ಟೇ ಆ ಹೆಚ್ಚುವರಿ ಪಾಯಿಂಟ್, ಶಾಲೆಯೇ ನಡೆಸುವ ಕಠಿಣ ಮಟ್ಟದ ಆನರ್ಸ್ ಕೋರ್ಸಿಗೆ ಇಲ್ಲ. ಕನಿಷ್ಠ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, ಅಲ್ಲಿನವರಿಗೆ 3.0, ನಮಗೆ 3.4. ಅವಳು ಬೇಸಿಗೆಯಿಡೀ ಕೂತು ಓದಿ ತೆಗೆದ ಎಸ್‌ಎಟಿ ಪ್ರವೇಶ ಪರೀಕ್ಷೆಯ ಅಂಕವನ್ನು ಅಡ್ಮಿಷನ್‌ಗೆ ಅವರು ನೋಡುವುದೇ ಇಲ್ಲ. ಅವಳ ಜಿಪಿಎ ನನ್ನ ಕಣ್ಣೆದುರೇ ಕೆಳಗಿಳಿಯಿತು. ನಾನು ಮೊದಲೇ ಓದಿಕೊಂಡಿದ್ದರೆ ಆ ಮಗುವಿನ ಮುಖ ಹಾಗೆ ಬಾಡುತ್ತಿರಲಿಲ್ಲ.

ಹಾಗಾಗಿ ಗೆಳತಿಗೆ ಹೇಳಿದೆ: ಕಾಲೇಜಿನ ಹೆಸರಿನ ಜೊತೆ "ಕಾಮನ್ ಡೇಟಾ ಸೆಟ್" ಅಂತ ಹುಡುಕು. ಕಾಲೇಜುಗಳು ವರ್ಷವರ್ಷ ಹೊರತರುವ ಅಂಕಿಅಂಶಗಳ ಪಟ್ಟಿ ಅದು. ಅದರ ಸಿ1 ಭಾಗದಲ್ಲಿ ಹೊರರಾಜ್ಯದಿಂದ ಎಷ್ಟು ಅರ್ಜಿ ಬಂತು, ಎಷ್ಟು ಮಂದಿಗೆ ಸೀಟು ಕೊಟ್ಟರು ಅಂತ ಈಚೆಗೆ ಬಿಡಿಸಿ ಹಾಕುತ್ತಾರೆ. ಭಾಗಿಸಿ ನೋಡು. ಸಿ7ರಲ್ಲಿ ಯಾವ ರಾಜ್ಯದವರು ಅನ್ನುವುದಕ್ಕೆ ಎಷ್ಟು ಬೆಲೆ ಅಂತಲೂ ಇರುತ್ತದೆ. ಕಂಪ್ಯೂಟರ್ ಸೈನ್ಸ್ ಬೇಕೆಂದರೆ ಆ ವಿಭಾಗದ್ದೇ ಸಂಖ್ಯೆ ಕೇಳು. ಸಿಯಾಟಲ್‌ನ ವಾಷಿಂಗ್ಟನ್ ವಿವಿಯಲ್ಲಿ ಹೊರರಾಜ್ಯದವರಿಗೆ ಅದರಲ್ಲಿ ಸೀಟು ಸಿಗುವ ಪ್ರಮಾಣ ಇಡೀ ವಿವಿಯ ಸಂಖ್ಯೆಗೆ ಹೋಲಿಸಲೂ ಆಗದಷ್ಟು ಕಮ್ಮಿ. ಮಿಷಿಗನ್‌ನಲ್ಲಿ ಹೆಚ್ಚುಕಮ್ಮಿ ಅರ್ಧ ಮಕ್ಕಳು ಹೊರಗಿನವರು, ನಿಜ. ಆದರೆ ಫೀಸನ್ನೂ ಮೊದಲೇ ಮನೆಯಲ್ಲಿ ಕೂತು ಮಾತಾಡಿಕೊಳ್ಳಿ. ಸೀಟು ಸಿಕ್ಕ ಮೇಲೆ "ದುಡ್ಡಿಲ್ಲ ಕಂದಾ" ಅನ್ನುವುದು ತುಂಬ ಕಷ್ಟ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹಾಗಾದ್ರೆ ಅವನಿಗೆ ಏನು ಹೇಳಲಿ?" ಅಂದಳು. ಆಸೆ ಬಿಡು ಅನ್ನಬೇಡ, ಅರ್ಜಿ ಹಾಕಲಿ, ಆದರೆ ಅದನ್ನು ರೀಚ್, ಅಂದರೆ ಸೀಟು ಸಿಗುವುದು ಕಷ್ಟ ಅನ್ನುವ ಕಾಲೇಜುಗಳ ಸಾಲಿಗೆ ಬರೆದುಕೊಳ್ಳಲಿ ಅಂದೆ.

ರಾತ್ರಿ ಮೆಸೇಜ್ ಬಂತು: "ನಮ್ಮ ರಾಜ್ಯದ್ದೇ ರಟ್ಗರ್ಸ್ ವಿವಿ ಅರ್ಜಿ ಮೊದಲು ತುಂಬ್ತಿದ್ದಾನೆ. ಸಿ1 ಅವನೇ ಹುಡುಕಿದ."